ಏಳೂವರೆ ಅಡಿ

ಹೊಸ ಟ್ರ್ಯಾಕ್ಟರ್ ಬೇಕು ಎಂದು ಮೊದಲು ಬಾಯಿಬಿಟ್ಟವಳು ನಾನೇ. ತಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಅದು. ಅವನ ಎಡಗೈಯನ್ನು ಭುಜದಿಂದ ಬೆರಳ ತುದಿಯವರೆಗೆ ಸುತ್ತಿ, ಎದೆಗೆ ಆನಿಸಿ ಕಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡಲೂ ಅವನಿಗೆ ಮಗಳ ಭುಜ ಬೇಕಾಯಿತು. ನಾನು ಸುಲಭಕ್ಕೆ ಅಳುವವಳಲ್ಲ. ದುಃಖವಾದರೆ ನನಗೆ ಸಿಟ್ಟು ಬರುತ್ತದೆ. ಅವತ್ತು ಸಿಟ್ಟಿಗೆ ಸಿಕ್ಕಿದ್ದು ಶೆಡ್ಡಿನ ಮುಂದೆ ಮೂತಿ ಜಜ್ಜಿಸಿಕೊಂಡು ನಿಂತಿದ್ದ ನಮ್ಮ ಮಿನಿ ಟ್ರ್ಯಾಕ್ಟರ್.

“ಆ ದರಿದ್ರದ್ದನ್ನ ಮೊದಲು ಗುಜರಿಗೆ ಹಾಕಿ. ಹೊಸದು ತರೋಣ,” ಎಂದೆ.

ಯಾರೂ ಎದುರಾಡಲಿಲ್ಲ. ನಮ್ಮ ಮನೆಯಲ್ಲಿ ನಾನು ಆಡಿದ ಮಾತಿಗೆ ಯಾರೂ ಎದುರಾಡುವುದಿಲ್ಲ. ಇದನ್ನು ನಾನು ಬಹಳ ವರ್ಷ ಗೌರವ ಅಂದುಕೊಂಡಿದ್ದೆ.

ಮನೆಯಲ್ಲಿರುವುದು ನಾಲ್ಕೇ ಜನ. ನಾನು, ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ, ಅವನ ಹೆಂಡತಿ, ಅವರ ಒಬ್ಬಳೇ ಮಗಳು. ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅಪಘಾತದ ಗಾಯಗಳನ್ನು ನೋಡಿ ನೋಡಿ ಅವಳ ಮಾತೇ ಕಮ್ಮಿಯಾಗಿಬಿಟ್ಟಿದೆ. ಮಗಳಿಗೆ ಇಪ್ಪತ್ಮೂರು. ಓದು ಮುಗಿಸಿ, ತೋಟದ ಕೆಲಸವೇ ನನಗೆ ಸರಿ ಎಂದು ನಿಂತವಳು. ಮನೆಯ ಹಿಂದೆ ಮುನ್ನೂರ ಅರವತ್ತು ಕಿತ್ತಳೆ ಗಿಡಗಳ ತೋಟವಿದೆ. ಗಾಡಿ ಓಡಿಸುವುದು, ಔಷಧಿ ಹೊಡೆಯುವುದು, ಕಳೆ ಮಗುಚುವುದು ತಮ್ಮನ ಪಾಲು. ಗಿಡ ನನ್ನ ಪಾಲು. ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಎಂದು ಹೇಳುವವಳು ನಾನು. ಹೋಗಬೇಕು ಎಂದು ನಾನು ಹೇಳುವುದು ಅಪರೂಪ.

ಆದದ್ದು ಇಷ್ಟು. ಬೆಳಿಗ್ಗೆ ಹತ್ತರ ಹೊತ್ತಿಗೆ ತಮ್ಮ ಕಳೆ ಮಗುಚುತ್ತಾ ಸಾಲಿನ ಕೊನೆಗೆ ಹೋಗಿದ್ದ. ಅಲ್ಲಿ ತೋಟದ ಅಂಚಿಗೆ ನೀರಿನ ಕಾಲುವೆ ಇದೆ, ಎರಡಡಿ ಆಳ. ತಿರುಗಿಸುವಾಗ ಗಾಡಿ ಕಾಲುವೆಯ ದಂಡೆಯಿಂದ ಜಾರಿ, ಪಕ್ಕಕ್ಕೆ ಬಿದ್ದು, ಅಷ್ಟಕ್ಕೇ ನಿಲ್ಲದೆ ಪೂರ್ತಿ ಕವುಚಿಕೊಂಡಿತು. ಇಂಜಿನ್ನು ಒಮ್ಮೆ ಕಿರುಚಿ ಸುಮ್ಮನಾದದ್ದು ಕೇಳಿ ಮೊದಲು ಓಡಿದವಳು ಮಗಳು. ಹಿಂದೆ ನಾನು. ನಾಲ್ಕೂ ಚಕ್ರ ಆಕಾಶ ನೋಡುತ್ತಿದ್ದವು, ಹಿಂದಿನ ಒಂದು ಇನ್ನೂ ನಿಧಾನಕ್ಕೆ ತಿರುಗುತ್ತಿತ್ತು. ತಮ್ಮ ಕಾಣಲಿಲ್ಲ. ಅವನು ಕಾಲುವೆಯ ಒಳಗೆ, ಗಾಡಿಯ ಅಡಿಯಲ್ಲಿ, ನಾಲ್ಕು ಬೆರಳು ಆಳದ ನೀರಿನಲ್ಲಿ ಅಂಗಾತ ಬಿದ್ದಿದ್ದ. ಕಾಲುವೆಯ ಆಳವೇ ಅವನನ್ನು ಉಳಿಸಿತ್ತು. ಎಡಗೈ ಮಾತ್ರ ದಂಡೆಯ ಮೇಲೆ, ಮಡ್‌ಗಾರ್ಡಿನ ಕೆಳಗೆ ಸಿಕ್ಕಿತ್ತು.

“ಅಕ್ಕ, ಕೈ ಇದೆಯಾ ನೋಡು,” ಎಂದ. ಆ ಮಾತು ಈಗಲೂ ಕಿವಿಯಲ್ಲಿದೆ.

ಕೈ ಉಳಿಯಿತು. ಎರಡು ಬೆರಳು ಹೋದವು. ಆರು ತಿಂಗಳು ಗಾಡಿ ಮುಟ್ಟಬಾರದು ಎಂದರು ಡಾಕ್ಟರು. ಏನಾಯ್ತು ಎಂದು ಕೇಳಿದವರಿಗೆಲ್ಲ ತಮ್ಮ ಹೇಳಿದ್ದು ಒಂದೇ ಮಾತು: “ಎಡಗಡೆ ಬ್ರೇಕ್ ಹಿಡಿದುಬಿಡ್ತು.” ಮಿನಿ ಟ್ರ್ಯಾಕ್ಟರಿಗೆ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಬ್ರೇಕು. ಒಂದೇ ಹಿಡಿದರೆ ಗಾಡಿ ಆ ಕಡೆಗೆ ಗಿರಕಿ ಹೊಡೆಯುತ್ತದೆ. ಒಂಬತ್ತು ವರ್ಷದ ಗಾಡಿ, ಬ್ರೇಕು ಕೈಕೊಟ್ಟಿತು ಎಂದರೆ ನಂಬದವರು ಯಾರು? ನಾನಂತೂ ಎರಡು ಕೈಯಲ್ಲೂ ಬಾಚಿಕೊಂಡು ನಂಬಿದೆ. ಹಣದ ಅಡಚಣೆ ಇರಲಿಲ್ಲ. ಹೊಸದು ತರುವುದು ಎಂದಾಯಿತು. ಇನ್ನು ಮೇಲೆ ಸೀಟಿನ ಮೇಲೆ ಕೂರುವವಳು ಮಗಳು ಎಂದೂ ಆಯಿತು.

ಹಳೆಯದನ್ನು ಕೊಟ್ಟು ಹೊಸದನ್ನು ತರುವುದಾದರೆ ಅದು ಸ್ಟಾರ್ಟಾದರೂ ಆಗಬೇಕಲ್ಲ ಎಂದು ಮೆಕ್ಯಾನಿಕ್ಕನ್ನು ಕರೆಸಿದೆ. ನಮ್ಮ ಗಾಡಿಗೆ ಮೊದಲಿನಿಂದಲೂ ಕೈ ಹಾಕುವವನು ಅವನೊಬ್ಬನೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾನೆ. ಅದಕ್ಕೇ ನಮ್ಮ ಮನೆಯಲ್ಲಿ ಅವನನ್ನು ಡಾಕ್ಟರು ಎನ್ನುತ್ತೇವೆ. ಅರ್ಧ ದಿನ ಅದರ ಅಡಿಯಲ್ಲಿ ಮಲಗಿ, ಎದ್ದು, ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ.

“ಮೂತಿ ತಟ್ಟಿ ಸರಿ ಮಾಡ್ತೀನಿ. ಸ್ಟೇರಿಂಗ್ ಹೊಸದು ಹಾಕ್ಬೇಕು. ಇಂಜಿನ್ ಕಲ್ಲುಗುಂಡು ಇದ್ದಂಗಿದೆ ಅಮ್ಮ. ಇದನ್ನ ಯಾಕೆ ಕೊಡ್ತಿದ್ದೀರಿ?”

“ಬ್ರೇಕ್ ಹಿಡಿದು ಇವನ ಕೈ ಹೋಯ್ತಲ್ಲಪ್ಪ, ಇನ್ನೂ ಇಟ್ಕೊಂಡು ಪೂಜೆ ಮಾಡ್ಲಾ?”

ಅವನು ತಮ್ಮನ ಕೋಣೆಯ ಕಿಟಕಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಬ್ರೇಕ್ ಬಿಚ್ಚಿ ನೋಡ್ದೆ. ಎರಡೂ ಒಂದೇ ಸಮ ಇವೆ. ಹಿಡ್ಕೊಂಡಿದ್ರೆ ಸುಟ್ಟ ಗುರುತು ಇರ್ತಿತ್ತು, ಎಳ್ಳಷ್ಟೂ ಇಲ್ಲ. ಬ್ರೇಕಿಂದ ಆಗಿದ್ದಲ್ಲ ಇದು.”

“ಮತ್ತೆ?”

ಅವನು ಸೀಟಿನ ಹಿಂದೆ ಹೋಗಿ ನಿಂತ. ಅಲ್ಲಿ ಕಬ್ಬಿಣದ ಕಮಾನು ಇರುತ್ತದೆ, ಸೀಟಿನ ಹಿಂದಿನಿಂದ ತಲೆಯ ಮೇಲಕ್ಕೆ ಎದ್ದು ನಿಲ್ಲುವಂಥದ್ದು. ಗಾಡಿ ಉರುಳಿದರೆ ಆ ಕಮಾನು ನೆಲಕ್ಕೆ ಊರಿಕೊಂಡು ಕವುಚದಂತೆ ತಡೆಯುತ್ತದೆ. ನಮ್ಮ ಗಾಡಿಯ ಕಮಾನನ್ನು ನಡುವಿನಲ್ಲಿ ಮಡಚಿ, ಹಿಂದಕ್ಕೆ ಬಗ್ಗಿಸಿ, ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿತ್ತು. ಹಗ್ಗ ಬಿಸಿಲಿಗೆ ಬಿಳಿಚಿಕೊಂಡು ಹೋಗಿತ್ತು.

“ಇದು ನೆಟ್ಟಗೆ ನಿಂತಿದ್ರೆ ಗಾಡಿ ಪಕ್ಕಕ್ಕೆ ಮಲಗ್ತಿತ್ತು. ಮಲಗಿ ಅಲ್ಲೇ ನಿಲ್ತಿತ್ತು. ಬೆಲ್ಟ್ ಹಾಕ್ಕೊಂಡಿದ್ರೆ ಇವರು ಮೈ ಕೊಡವಿಕೊಂಡು ಎದ್ದು ಬರ್ತಿದ್ರು. ಯಾರು ಇದನ್ನ ಹಿಂಗೆ ಕಟ್ಟಿದ್ದು? ನೆಟ್ಟಗೆ ನಿಲ್ಲಿಸೋ ಪಿನ್ನು ಒಂದು ಇಲ್ಲೇ ನೇತಾಡ್ತಿದೆ, ಇನ್ನೊಂದೆಲ್ಲಿ?”

“ನನಗೇನು ಗೊತ್ತು,” ಎಂದೆ.

ಅವನು ಹೋದ ಮೇಲೆ ಸಾಮಾನಿನ ಕೋಣೆಗೆ ಹೋದೆ. ಬಾಗಿಲಿಗೆ ಬೀಗವಿಲ್ಲ. ಚಿಲಕದ ಕೊಂಡಿಯಲ್ಲಿ ಹೆಬ್ಬೆರಳು ದಪ್ಪದ ಒಂದು ಪಿನ್ನು ಸಿಕ್ಕಿಸಿರುತ್ತೇವೆ. ಐದು ವರ್ಷದಿಂದ ದಿನಕ್ಕೆ ಹತ್ತು ಸಲ ತೆಗೆದು ಹಾಕಿದ ಪಿನ್ನು, ನನ್ನ ಕೈ ತಾಗಿ ತಾಗಿ ನುಣ್ಣಗಾಗಿದೆ. ಅದನ್ನು ಅಲ್ಲಿ ಸಿಕ್ಕಿಸಿದವಳು ನಾನು.

ಈಗ ಹಿಂದಿನದನ್ನು ಹೇಳಲೇಬೇಕು, ಹೇಳುತ್ತೇನೆ. ಗಿಡ ನೆಡುವಾಗ ಸಾಲಿಗೂ ಸಾಲಿಗೂ ಹದಿನೆಂಟು ಅಡಿ ಬಿಡಿ ಎಂದು ನರ್ಸರಿಯವನು ಹೇಳಿದ್ದ. ನಾನು ಹನ್ನೆರಡಕ್ಕೆ ಹಗ್ಗ ಹಿಡಿಸಿದೆ. ಮಧ್ಯೆ ಖಾಲಿ ಜಾಗ ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. “ನಾಳೆ ಗಾಡಿ ತಂದ್ರೆ ಹೇಗೆ ಹೋಗುತ್ತೆ ಅಕ್ಕ?” ಎಂದು ತಮ್ಮ ಆಗಲೇ ಕೇಳಿದ್ದ. “ಗಾಡಿ ತರೋ ದೊಡ್ಡಮನುಷ್ಯ ಬಂದ ನೋಡು,” ಎಂದು ಬಾಯಿ ಮುಚ್ಚಿಸಿದ್ದೆ. ಗಿಡ ಬೆಳೆದವು. ಗಾಡಿಯೂ ಬಂತು. ದೊಡ್ಡದು ಹಿಡಿಸದು ಎಂದು ಮಿನಿ ಟ್ರ್ಯಾಕ್ಟರ್ ತಂದೆವು. ಮೊದಮೊದಲು ಸಲೀಸಾಗಿ ಓಡಾಡಿತು. ಆಮೇಲೆ ಎರಡು ಸಾಲಿನ ಕೊಂಬೆಗಳು ತಲೆಯ ಮೇಲೆ ಒಂದಕ್ಕೊಂದು ಕೂಡಿಕೊಂಡವು. ಒಳಗೆ ನಡೆದರೆ ತಂಪು, ಹಸಿರು ಬೆಳಕು, ಕೈಗೆಟುಕುವಷ್ಟರಲ್ಲೇ ಹಣ್ಣು. ನೋಡಿದವರು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಆದರೆ ಗಾಡಿಯ ಕಮಾನು ಆ ಕೊಂಬೆಗಳಿಗೆ ತಾಗುತ್ತಿತ್ತು. ಚಟ್ ಎಂದು ಒಂದು ಮುರಿದರೆ ನನ್ನ ಎದೆಯಲ್ಲೇ ಏನೋ ಮುರಿದಂತಾಗುತ್ತಿತ್ತು. ನಾನೇನು ಮಾಡುತ್ತಿದ್ದೆ ಗೊತ್ತೇ? ಮುರಿದ ಕೊಂಬೆಯನ್ನು, ಅದರ ಕಾಯಿಗಳ ಸಮೇತ ತಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ತಮ್ಮನ ತಟ್ಟೆಯ ಪಕ್ಕ ಇಡುತ್ತಿದ್ದೆ. ಬೈಯುತ್ತಿರಲಿಲ್ಲ. “ನಿನ್ನ ಇವತ್ತಿನ ಸಂಪಾದನೆ,” ಎನ್ನುತ್ತಿದ್ದೆ, ಅಷ್ಟೇ. ಹೆಂಡತಿ ಮಗಳ ಎದುರು ಅವನು ಅದನ್ನು ನೋಡಿಕೊಂಡು ಊಟ ಮಾಡಬೇಕಿತ್ತು. ಆಗಿನ್ನೂ ಹೈಸ್ಕೂಲಿನಲ್ಲಿದ್ದ ಮಗಳು ಕಾಯಿಗಳನ್ನು ಎಣಿಸಿ “ಅಪ್ಪ ಇವತ್ತು ಏಳು!” ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಒಂದು ದಿನ ಅವನು ಎರಡೂ ಪಿನ್ನು ಕಿತ್ತು, ಕಮಾನನ್ನು ಮಡಚಿ, ಹಗ್ಗ ಬಿಗಿದ. ಅವತ್ತಿನಿಂದ ಕೊಂಬೆ ಮುರಿಯಲಿಲ್ಲ. ಗಾಡಿ ಒಳಗೆ ಹೋದಾಗ ಅವನೇ ತಲೆ ಬಗ್ಗಿಸಿಕೊಳ್ಳುತ್ತಿದ್ದ. “ಈಗ ಬುದ್ಧಿ ಬಂತು,” ಎಂದು ನಾನು ಮೆಚ್ಚಿ, ಹೆಚ್ಚಾಗಿ ಬಿದ್ದಿದ್ದ ಒಂದು ಪಿನ್ನನ್ನು ಚಿಲಕಕ್ಕೆ ಬಳಸಿಕೊಂಡೆ.

ಸಾಮಾನಿನ ಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ತಮ್ಮ ಸುಳ್ಳು ಹೇಳಿದ್ದಾನೆ. ಬ್ರೇಕು ಹಿಡಿಯಲಿಲ್ಲ. ಕೊಂಬೆ ತಪ್ಪಿಸಲು ತಲೆ ಬಗ್ಗಿಸಿದ್ದಾನೆ, ದಂಡೆ ಕಂಡಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳಿದ್ದಾನೆ ಎಂದುಕೊಂಡೆ. ಕಣ್ಣು ತುಂಬಿ ಬಂತು. ನನ್ನ ಕೆಟ್ಟ ಬುದ್ಧಿ ನೋಡಿ, ಅದರ ಹಿಂದೆಯೇ ಒಂದು ಸಮಾಧಾನವೂ ಬಂತು. ಅವನೇ ಹೇಳದಿದ್ದ ಮೇಲೆ ನಾನೇಕೆ ಹೇಳಲಿ? ಹೊಸ ಗಾಡಿ ಬರುತ್ತದೆ. ಇನ್ನೂ ಚಿಕ್ಕದು, ಇನ್ನೂ ತಗ್ಗಿನದು ನೋಡಿ ತಂದರಾಯಿತು. ಕೊಂಬೆಗೂ ತಾಗದು, ಕಮಾನೂ ನಿಲ್ಲುತ್ತದೆ, ಯಾರನ್ನೂ ಬೈಯಬೇಕಿಲ್ಲ, ಯಾವ ಕೊಂಬೆಯನ್ನೂ ಕಡಿಯಬೇಕಿಲ್ಲ. ಪಿನ್ನನ್ನು ಇದ್ದಲ್ಲೇ ಸಿಕ್ಕಿಸಿ ಬಂದುಬಿಟ್ಟೆ.

ಎಂಟು ದಿನ ಹಾಗೇ ಇದ್ದೆ. ತಮ್ಮನ ಹೆಂಡತಿ ಡ್ಯೂಟಿ ಮುಗಿಸಿ ಬಂದು, ಗಂಡನ ಕೈಯ ಬ್ಯಾಂಡೇಜು ಬಿಚ್ಚಿ, ತೊಳೆದು, ಮತ್ತೆ ಕಟ್ಟುವಾಗ ನಾನು ಬಟ್ಟಲು ಹಿಡಿದು ನಿಲ್ಲುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಅವಳು ಒಮ್ಮೆ, “ಹೊಸ ಗಾಡಿಗೆ ಬ್ರೇಕ್ ಎಲ್ಲ ಒಳ್ಳೇದಿರುತ್ತಲ್ವಾ ಅತ್ತಿಗೆ? ಮಗಳು ಕೂತ್ಕೋಬೇಕಲ್ಲ ಅದರ ಮೇಲೆ,” ಎಂದಳು. “ಎಲ್ಲ ಒಳ್ಳೇದೇ ಇರುತ್ತೆ,” ಎಂದೆ. ಬಟ್ಟಲಿನ ನೀರು ಚೆಲ್ಲಲು ಹಿತ್ತಲಿಗೆ ನಡೆದೆ.

ಶೋರೂಮಿನಿಂದ ಒಬ್ಬ ಬಂದ. ಅವನ ಅಂಗಿಯ ತೋಳಿನ ಗೆರೆಯಿಂದ ತರಕಾರಿ ಹೆಚ್ಚಬಹುದಿತ್ತು. ಮನಸ್ಸಿನಲ್ಲೇ ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟೆ. ಓಡಿಸಿ ನೋಡಲು ಎಂದು ಕೆಂಪು ಬಣ್ಣದ ಹೊಸ ಮಿನಿ ಟ್ರ್ಯಾಕ್ಟರನ್ನೇ ಲಾರಿಯಲ್ಲಿ ಹಾಕಿಕೊಂಡು ಬಂದಿದ್ದ. ಸೀಟಿಗೆ ಪ್ಲಾಸ್ಟಿಕ್ ಕವರು ಇನ್ನೂ ಇತ್ತು. ಮನೆಯವರೆಲ್ಲ ತೋಟದ ಬಾಯಲ್ಲಿ ನೆರೆದೆವು. ಎದೆಗೆ ಕೈ ಕಟ್ಟಿಕೊಂಡಿದ್ದ ತಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಇಸ್ತ್ರಿ ಅರ್ಧ ಗಂಟೆ ಗಾಡಿಯ ಗುಣಗಾನ ಮಾಡಿದ. ಸದ್ದು ಕಮ್ಮಿ, ಹೊಗೆ ಕಮ್ಮಿ, ಡೀಸೆಲ್ ಕಮ್ಮಿ.

“ಎತ್ತರ ಎಷ್ಟು?” ಎಂದೆ.

“ಹಳೇದಕ್ಕಿಂತ ನಾಲ್ಕು ಇಂಚು ತಗ್ಗು ಮೇಡಂ.”

“ಕಮಾನು ಸೇರಿಸಿ ಕೇಳ್ತಿದ್ದೀನಿ.”

“ಕಮಾನು ಎಲ್ಲದಕ್ಕೂ ಅಷ್ಟೇ ಇರುತ್ತೆ ಮೇಡಂ, ಏಳೂವರೆ ಅಡಿ. ಓಡಿಸೋರ ತಲೆಗಿಂತ ಮೇಲಿರಬೇಕಲ್ಲ.”

ನನ್ನ ಎಂಟು ದಿನದ ಲೆಕ್ಕಾಚಾರ ಅಲ್ಲೇ ಮಣ್ಣುಪಾಲಾಯಿತು. ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಮಗಳು ಸೀಟಿನ ಮೇಲೆ ಹಾರಿ ಕೂತಿದ್ದಳು. ಅವಳಿಗೆ ಖುಷಿಯೋ ಖುಷಿ. ಗಾಡಿ ಮೊದಲ ಸಾಲಿನೊಳಗೆ ನುಗ್ಗಿತು. ಎರಡನೇ ಗಿಡಕ್ಕೇ ಕಮಾನು ಕೊಂಬೆಗೆ ತಗುಲಿ ಎಲೆ ಉದುರಿತು.

“ಅಯ್ಯೋ, ಕೊಂಬೆ!” ಎಂದೆ.

ನನ್ನ ಬಾಯಿಗೆ ಬೆಂಕಿ ಬೀಳಲಿ. ಎಲ್ಲ ಗೊತ್ತಿದ್ದೂ, ಎಂಟು ದಿನ ಒಳಗೊಳಗೇ ಬೆಂದೂ, ಮೊದಲು ಬಂದ ಮಾತು ಅದೇ.

ಮಗಳು ಗಾಡಿ ನಿಲ್ಲಿಸಿದಳು. ನನ್ನ ಕಡೆ ತಿರುಗಿ ನಕ್ಕು, “ತಾಳು ಅತ್ತೆ, ನಿನ್ನ ಮಕ್ಕಳಿಗೆ ಏನೂ ಆಗಲ್ಲ,” ಎಂದಳು. ಕೆಳಗಿಳಿದು, ಪಟಪಟನೆ ಎರಡೂ ಪಿನ್ನು ಕಿತ್ತು, ಕಮಾನನ್ನು ಹಿಂದಕ್ಕೆ ಮಡಚಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊಟದ ಮೇಜಿನಲ್ಲಿ ಕೂತೇ ಕಲಿತಿದ್ದಳು.

“ಅದೇ ಸರಿ,” ಎಂದ ಇಸ್ತ್ರಿ. “ತೋಟದಲ್ಲಿ ಎಲ್ಲರೂ ಮಡಚಿಕೊಂಡೇ ಓಡಿಸ್ತಾರೆ.”

ಗಾಡಿ ಮತ್ತೆ ಹೊರಟಿತು. ಮುಂದಿನ ಕೊಂಬೆ ಬಂದಾಗ ಮಗಳು ತಲೆ ಬಗ್ಗಿಸಿದಳು. ಅವಳಪ್ಪ ಬಗ್ಗಿಸುತ್ತಿದ್ದ ಹಾಗೆಯೇ, ಗಲ್ಲವನ್ನು ಎಡಭುಜಕ್ಕೆ ಒತ್ತಿ, ಮುಂದೆ ದಾರಿ ಕಾಣದ ಹಾಗೆ. ನಾನು ಕುರ್ಚಿಯಲ್ಲಿದ್ದ ತಮ್ಮನ ಮುಖ ನೋಡಿದೆ. ಅವನ ಮುಖ ಬಿಳಿಚಿಕೊಂಡಿತ್ತು, ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಕಾಲುವೆ.

ಐವತ್ತೆಂಟನೇ ವಯಸ್ಸಿನಲ್ಲಿ ನಾನು ಹಾಗೆ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಸಾಲಿನಿಂದ ನುಗ್ಗಿ, ಗಾಡಿಯ ಎದುರು ಎರಡೂ ಕೈ ಚಾಚಿ ನಿಂತೆ.

“ಇಳಿ. ಇಳಿಯೇ ಕೆಳಗೆ! ಬೇಡ ನಮಗೆ ಇದು!”

“ಏನಾಯ್ತು ಅತ್ತೆ? ಯಾವ ಕೊಂಬೆಗೂ ತಾಗ್ಲಿಲ್ಲ ನೋಡು,” ಎಂದಳು ಅವಳು, ಗಾಬರಿಯಿಂದ.

ಎಲ್ಲರೂ ಓಡಿ ಬಂದರು. ಅಲ್ಲೇ, ಇಸ್ತ್ರಿಯ ಎದುರಿಗೇ, ಎಲ್ಲವನ್ನೂ ಹೇಳಿದೆ. ಬ್ರೇಕು ಸರಿಯಾಗಿಯೇ ಇತ್ತು ಎಂದು. ಕಮಾನು ನಿಂತಿದ್ದರೆ ಗಾಡಿ ಕವುಚುತ್ತಿರಲಿಲ್ಲ ಎಂದು. ಅದನ್ನು ಕಟ್ಟಿಸಿದ್ದು ನನ್ನ ಬಾಯಿ ಎಂದು. ಎಂಟು ದಿನದಿಂದ ನನಗೆ ಇದೆಲ್ಲ ಗೊತ್ತಿತ್ತು ಎಂದು. ಕೊನೆಯದನ್ನು ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಬಚ್ಚಿಟ್ಟುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಇಸ್ತ್ರಿ ತನ್ನ ಕಾಗದಗಳನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿದ. ಮಗಳು ಅಳುತ್ತಿದ್ದಳು. ತಮ್ಮ ನೆಲ ನೋಡುತ್ತಿದ್ದ. ತಮ್ಮನ ಹೆಂಡತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಅಷ್ಟು ಭಾರ ಎದೆ ಮೇಲೆ ಬಿದ್ರೆ ಎಷ್ಟು ನಿಮಿಷ ಅಂತ ನನಗೆ ಗೊತ್ತು ಅತ್ತಿಗೆ,” ಎಂದಳು. ದನಿ ಏರಿಸಲೇ ಇಲ್ಲ. “ಅಂಥವರನ್ನ ನಾನು ನೋಡಿದ್ದೀನಿ. ಮನೆಯವರಿಗೆ ಹೇಳೋಳೂ ನಾನೇ. ನಿಮಗೆ ಗೊತ್ತಾ ಎಷ್ಟು ನಿಮಿಷ ಅಂತ?”

ನನಗೆ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ತಿರುಗಿ ಮನೆಗೆ ನಡೆದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಎಲ್ಲರಿಗೂ ಬಡಿಸಿ, ನನ್ನ ಪಾಲನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಎದ್ದು ಹೋಗುತ್ತಿದ್ದಳು. ನಾನೇ ಹಾಕಿಕೊಂಡು, ಅಡುಗೆಮನೆಯ ಕಟ್ಟೆಯ ಬಳಿ ನಿಂತು ತಿನ್ನುತ್ತಿದ್ದೆ. ತಪ್ಪೇನಿಲ್ಲ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಪಾತ್ರೆಯನ್ನೇ ಎಸೆಯುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ ಚಿಲಕದಿಂದ ಪಿನ್ನು ಕಿತ್ತುಕೊಂಡು ಹೋಗಿ, ಹಳೇ ಗಾಡಿಯನ್ನೇ ಒಯ್ದು ರಿಪೇರಿ ಮಾಡು ಎಂದು ಮೆಕ್ಯಾನಿಕ್ಕಿಗೆ ಕೊಟ್ಟು ಬಂದೆ. ಅವನು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, “ಸಿಕ್ತಲ್ಲ, ಬಿಡಿ,” ಎಂದ. ಮನೆಗೆ ಬಂದು ಒಂದು ಬಿದಿರಿನ ಕೋಲನ್ನು ಏಳೂವರೆ ಅಡಿಗೆ ಕತ್ತರಿಸಿದೆ. ಅದರ ತುದಿಗೆ ಅಡ್ಡಲಾಗಿ, ಕಮಾನಿನಷ್ಟೇ ಅಗಲದ ಇನ್ನೊಂದು ತುಂಡು ಕಟ್ಟಿದೆ. ಅದನ್ನು ನೆಟ್ಟಗೆ ಹಿಡಿದು ಸಾಲಿನೊಳಗೆ ನಡೆಯುವುದು, ಎಲ್ಲಿ ತಾಗುತ್ತದೋ ಅಲ್ಲಿ ಕಡಿಯುವುದು. ಆದರೆ ಒಂದೇ ಕೈಯಲ್ಲಿ ಕೋಲು ಹಿಡಿದು ಇನ್ನೊಂದರಲ್ಲಿ ಗರಗಸ ಎಳೆಯುವುದು ಆಗುವ ಮಾತಲ್ಲ. ಮೊದಲ ಗಿಡದ ಬಳಿಯೇ ಕೋಲು ನನ್ನ ತಲೆಗೆ ಬಡಿಯಿತು.

“ಕೊಡಿಲ್ಲಿ,” ಎಂದು ಹಿಂದಿನಿಂದ ದನಿ ಬಂತು. ತಮ್ಮ ಬಂದು, ಒಳ್ಳೆಯ ಕೈಯಲ್ಲಿ ಕೋಲು ಹಿಡಿದುಕೊಂಡ.

ಹೀಗೆ ಶುರುವಾಯಿತು. ಅವನು ಕೋಲು ಹಿಡಿದು ಮುಂದೆ, ನಾನು ಗರಗಸ ಹಿಡಿದು ಹಿಂದೆ. ಅವನು ನಿಂತಲ್ಲಿ ನಾನು ಕಡಿಯಬೇಕು. ಹಸಿರು ಕಾಯಿ ತುಂಬಿದ್ದ ಕಾಲ ಅದು. ಕೊಂಬೆ ಬಿದ್ದಾಗಲೆಲ್ಲ ಕಾಯಿಗಳು ನೆಲಕ್ಕೆ ಬಡಿದು ಉರುಳುತ್ತಿದ್ದವು. ಗರಗಸದ ಹುಡಿ ಬೆವರಿಗೆ ಅಂಟಿ, ಕತ್ತೆಲ್ಲ ಕಿತ್ತಳೆ ಸಿಪ್ಪೆಯ ವಾಸನೆ. ಕಡಿದ ಕಡೆ ಎರಡು ವರ್ಷವಾದರೂ ಹಣ್ಣು ಬಿಡುವುದಿಲ್ಲ. ಕೆಲವು ಗಿಡಗಳಿಗೆ ಒಂದು ಮಗ್ಗುಲೇ ಇಲ್ಲದಂತಾಯಿತು. ನನಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಅಂಗೈ ಬೊಬ್ಬೆ ಎದ್ದಿತ್ತು. ಆದರೂ ಕೋಲು ತಾಗಿದ ಕಡೆ ತುಟಿಪಿಟಕ್ಕೆನ್ನದೆ ಕಡಿದೆ.

ನಾಲ್ಕನೇ ದಿನ, ನೀರು ಕುಡಿಯಲು ಕೂತಾಗ ಕೇಳಿಯೇಬಿಟ್ಟೆ.

“ನನ್ನ ಉಳಿಸೋಕೆ ಅಂತ ಬ್ರೇಕಿನ ಮೇಲೆ ಹಾಕಿದ್ಯಾ?”

ಅವನು ನಕ್ಕ. ಅಪಘಾತವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು, ಆದರೆ ಆ ನಗೆ ನನಗೆ ಹಿತವಾಗಿರಲಿಲ್ಲ.

“ನಿನ್ನ ಉಳಿಸೋಕಲ್ಲ ಅಕ್ಕ. ಐವತ್ತೆರಡು ವರ್ಷದ ಗಂಡಸು, ಅಕ್ಕ ಬೈತಾಳೆ ಅಂತ ಹೆದರಿ ಕಮಾನು ಇಳಿಸಿದೆ ಅಂತ ಯಾರ ಮುಂದೆ ಹೇಳ್ಲಿ? ನಾಚಿಕೆ ಆಯ್ತು.”

“ನಾನು ಬೈತಿರಲಿಲ್ವಲ್ಲೋ.”

“ಬೈದಿದ್ರೆ ತಿರುಗಿ ಬೈತಿದ್ದೆ,” ಎಂದ. “ತಟ್ಟೆ ಪಕ್ಕ ಇಡ್ತಿದ್ದೆಯಲ್ಲ, ಅದಕ್ಕೇನು ಹೇಳೋದು? ಮಗಳು ಎಣಿಸ್ತಿದ್ಳು. ನೀನು ನಗ್ತಿದ್ದೆ.”

“ನೀನೂ ನಗ್ತಿದ್ದೆ.”

“ನಗದೆ ಇನ್ನೇನು ಮಾಡ್ಲಿ?”

ನಾನು ನೀರಿನ ಚೊಂಬು ಕೆಳಗಿಟ್ಟೆ. ಅವನು ನನಗಾಗಿ ಸುಳ್ಳು ಹೇಳಿದ ಎಂದು ಹನ್ನೆರಡು ದಿನದಿಂದ ಒಳಗೊಳಗೇ ಬೀಗಿದ್ದೆನಲ್ಲ, ಅದೂ ಹೋಯಿತು. ತಪ್ಪಾಯ್ತು ಎನ್ನಬೇಕಿತ್ತು. ನನ್ನ ಜನ್ಮದಲ್ಲಿ ನಾನು ಆ ಮಾತು ಆಡಿದವಳಲ್ಲ, ನಾಲಿಗೆ ಹೊರಳಲಿಲ್ಲ. “ಏಳು, ಬಿಸಿಲು ಏರ್ತಿದೆ,” ಎಂದೆ. ಅವನು ಎದ್ದು ಕೋಲು ಹಿಡಿದ. ಹತ್ತು ಹೆಜ್ಜೆ ಹೋದ ಮೇಲೆ ಅವನ ಬೆನ್ನಿಗೆ, “ತಪ್ಪಾಯ್ತು ಕಣೋ,” ಎಂದೆ. ಅವನು ಕೋಲನ್ನು ಮುಂದಿನ ಕೊಂಬೆಗೆ ತಾಗಿಸಿ ನಿಂತ. ನಾನು ಕಡಿದೆ.

ಹನ್ನೊಂದನೇ ದಿನಕ್ಕೆ ಎಲ್ಲ ಸಾಲು ಮುಗಿದವು. ಒಂದು ಕೊಂಬೆ ಬಿಟ್ಟಿದ್ದೆ. ಎರಡನೇ ಸಾಲಿನ ನಡುವೆ ಒಂದು ಗಿಡವಿದೆ, ಇಡೀ ತೋಟದಲ್ಲಿ ನಾನು ಮೊದಲು ನೆಟ್ಟದ್ದು. ಅದರ ಕೊಂಬೆಯೊಂದು ದಾರಿಯ ಮೇಲೆ ಬಾಗಿತ್ತು. ಕೋಲಿಗೆ ತಾಗಿತೋ ಇಲ್ಲವೋ ಎಂಬಷ್ಟು, ಅಷ್ಟೇ. ತಮ್ಮ ಅಲ್ಲಿ ಕೋಲು ನಿಲ್ಲಿಸಿ ನನ್ನ ಮುಖ ನೋಡಿದ್ದ. ನಾನು ಕಾಣದವಳಂತೆ ಮುಂದೆ ನಡೆದಿದ್ದೆ. ಒಂದಾದರೂ ಇರಲಿ ಎನ್ನಿಸಿತ್ತು ನನಗೆ.

ಅವತ್ತೇ ಮೆಕ್ಯಾನಿಕ್ ಹಳೆಯ ಗಾಡಿಯನ್ನು ಓಡಿಸಿಕೊಂಡು ಬಂದ. ಮೂತಿಯ ಮೇಲೆ ತಟ್ಟಿದ ಗುರುತುಗಳು ಹಾಗೇ ಇದ್ದವು, ಬಣ್ಣ ಬಳಿಸುವ ಗೋಜಿಗೆ ಹೋಗಿರಲಿಲ್ಲ. ಸೀಟಿನ ಹಿಂದೆ ಕಮಾನು ನೆಟ್ಟಗೆ ನಿಂತಿತ್ತು. ಎರಡೂ ಪಿನ್ನು ಅವುಗಳ ಜಾಗದಲ್ಲಿದ್ದವು. ಒಂದಕ್ಕೆ ತುಕ್ಕು, ಇನ್ನೊಂದು ಫಳಫಳ. ಮಗಳು ಸೀಟಿನಲ್ಲಿ ಕೂತು ಬೆಲ್ಟು ಎಳೆದು ಸಿಕ್ಕಿಸಿಕೊಂಡಳು. ಐದು ವರ್ಷ ಸೀಟಿನ ಕೆಳಗೆ ಸುರುಳಿ ಸುತ್ತಿ ಬಿದ್ದಿದ್ದ ಬೆಲ್ಟು, ಧೂಳು ಅವಳ ಅಂಗಿಗೆಲ್ಲ ಮೆತ್ತಿತು. ತಮ್ಮ, ನಾನು, ಮೆಕ್ಯಾನಿಕ್ ಸಾಲಿನ ಬದಿಯಲ್ಲಿ ನಡೆದೆವು. ತಮ್ಮನ ಹೆಂಡತಿ ಡ್ಯೂಟಿಗೆ ಹೊರಡುವ ಬಟ್ಟೆಯಲ್ಲೇ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

ಮೊದಲ ಸಾಲು ಸರಾಗವಾಗಿ ಮುಗಿಯಿತು. ಕೊನೆಯಲ್ಲಿ ದಂಡೆ ನೋಡಿಕೊಂಡು, ತಲೆ ನೆಟ್ಟಗಿಟ್ಟು, ನಿಧಾನಕ್ಕೆ ತಿರುಗಿಸಿದಳು. ಎರಡನೇ ಸಾಲಿಗೆ ಬಂದಳು. ನಡುವಿನ ಗಿಡದ ಹತ್ತಿರ ಕಮಾನು ಕೊಂಬೆಗೆ ತಗುಲಿತು.

ಕೊಂಬೆ ಬಿಲ್ಲಿನಂತೆ ಬಾಗಿ ಕಿರುಗುಟ್ಟಿತು. ಮಗಳು ಗಾಡಿ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ಇಷ್ಟೆಲ್ಲ ಆದ ಮೇಲೂ, ಎಲ್ಲ ಗೊತ್ತಿದ್ದೂ, ಅವಳ ಬಲಗೈ ತಾನಾಗಿಯೇ ಬೆಲ್ಟಿನ ಬಕಲ್ಲಿನ ಮೇಲೆ ಬಂತು, ಇಳಿದು ಪಿನ್ನು ಕೀಳಲು. ಅವಳ ಕಣ್ಣಿನಲ್ಲಿ ಕೊಂಬೆಯ ಭಯವಿರಲಿಲ್ಲ, ಕಾಲುವೆಯದೂ ಇರಲಿಲ್ಲ. ಇದ್ದದ್ದು ನನ್ನ ಭಯ. ಈ ಭಯವನ್ನೂ ನೆಟ್ಟು ಬೆಳೆಸಿದವಳು ನಾನೇ ಎಂದು ಆಗ ಕಂಡಿತು.

“ಮುರೀಲಿ!” ಎಂದು ಕೂಗಿದೆ. “ಕೈ ತೆಗಿ ಅಲ್ಲಿಂದ. ಮುರೀಲಿ ಬಿಡು. ಹೋಗು ನೀನು, ಹೋಗು!”

ಗಾಡಿ ಮುಂದೆ ಹೋಯಿತು. ಚಟ್ಟೆಂದು ಕೊಂಬೆ ಮುರಿದು ನೆಲಕ್ಕೆ ಬಿತ್ತು. ಕಮಾನು ಅಲುಗಲಿಲ್ಲ. ಮಗಳು ಹಿಂದಿರುಗಿ ನೋಡದೆ ಸಾಲಿನ ಕೊನೆಯವರೆಗೆ ಓಡಿಸಿಕೊಂಡು ಹೋದಳು. ತಮ್ಮ ಮುಖ ಆ ಕಡೆ ತಿರುಗಿಸಿ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. ಮೆಕ್ಯಾನಿಕ್ ಇಂಜಿನ್ ಸದ್ದು ಕೇಳುವವನಂತೆ ತಲೆ ವಾಲಿಸಿ ನಿಂತಿದ್ದ.

ಮುರಿದ ಕೊಂಬೆಯನ್ನು ಎತ್ತಿಕೊಂಡೆ. ಒಂಬತ್ತು ಕಾಯಿ ಇದ್ದವು. ಬಿಸಾಡಲು ಮನಸ್ಸು ಬರಲಿಲ್ಲ, ಇಟ್ಟುಕೊಂಡು ಏನು ಮಾಡಬೇಕೆಂದೂ ತಿಳಿಯಲಿಲ್ಲ. ಹಾಗೇ ಹಿಡಿದುಕೊಂಡು ಮನೆಯೊಳಗೆ ಬಂದು, ಊಟದ ಮೇಜಿನಲ್ಲಿ ನಾನು ಮೊದಲು ಕೂರುತ್ತಿದ್ದ ಜಾಗದಲ್ಲಿ, ನನ್ನ ಎದುರಿಗೇ ಇಟ್ಟುಕೊಂಡು ಕೂತೆ. ಅಡುಗೆಮನೆಯ ಕಟ್ಟೆಯ ಕಡೆ ಅವತ್ತು ಹೋಗಲಿಲ್ಲ.

ತಮ್ಮನ ಹೆಂಡತಿ ಒಳಗೆ ಬಂದಳು. ಗಡಿಯಾರ ನೋಡಿದಳು, ಡ್ಯೂಟಿಗೆ ಹೊತ್ತಾಗಿತ್ತು. ಕೊಂಬೆಯನ್ನೂ ನೋಡಿದಳು. ಆಮೇಲೆ ಒಳಗಿನಿಂದ ತಟ್ಟೆ ತಂದಳು. ತಟ್ಟೆ ಇಡಲು ಜಾಗವಿರಲಿಲ್ಲ. ಕೊಂಬೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ನನ್ನ ಮುಂದಿಟ್ಟಳು.

“ಕೈ ತೊಳ್ಕೊಂಡು ಬನ್ನಿ ಅತ್ತಿಗೆ,” ಎಂದಳು.